ದುಬೈನಲ್ಲಿ ಫ್ಲ್ಯಾಟ್ ಕೊಳ್ಳುವ ಮುಂಚೆ ಯಾವ ಕಾಗದ ನೋಡಬೇಕು? ಚಿಕ್ಕಬಳ್ಳಾಪುರದ ಒಬ್ಬ ಪತ್ರ ಬರಹಗಾರ ಹೇಳುವುದು

ಚಿಕ್ಕಬಳ್ಳಾಪುರದಲ್ಲಿ ಕ್ರಯಪತ್ರ ಬರೆಯುವ ಕೆಲಸಕ್ಕೆ ಕೂತು ನನಗೆ ಇಪ್ಪತ್ತಾರು ವರ್ಷ. ದ್ರಾಕ್ಷಿ ತೋಟ, ಹೂವಿನ ತೋಟ, ಹಿಪ್ಪುನೇರಳೆ ಹೊಲ, ಸೈಟು, ಎಲ್ಲದಕ್ಕೂ ಪತ್ರ ಬರೆದಿದ್ದೇನೆ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆ ಜಮೀನಿಗೆ ಬೆಲೆ ಬಂತು. ಮಾರಿದವರ ಕೈಯಲ್ಲಿ ದುಡ್ಡು ಓಡಾಡಿತು. ಕೆಲವರ ಮಕ್ಕಳು ದುಬೈನಲ್ಲಿ ಕೆಲಸಕ್ಕಿದ್ದಾರೆ. ಈಗ ನನ್ನ ಮೇಜಿನ ಮುಂದೆ ಕೂತವರು ಪಹಣಿ ತೋರಿಸಿದ ಮೇಲೆ ಮೊಬೈಲ್ ತೆಗೆದು ದುಬೈ ಫ್ಲ್ಯಾಟಿನ ಫೋಟೊ ತೋರಿಸುತ್ತಾರೆ. "ಅಣ್ಣಾ, ಇದರ ಕಾಗದ ಸರಿ ಇದೆಯಾ ಸ್ವಲ್ಪ ನೋಡಿ" ಅನ್ನುತ್ತಾರೆ.

ನನ್ನ ಮಗಳು, ಅಳಿಯ ಅಲ್ಲೇ ಇದ್ದಾರೆ. ನಾವು ಒಂದು ಎಕರೆ ತೋಟ ಮಾರಿದಾಗ ಅವರ ಉಳಿತಾಯದ ಜೊತೆ ನಮ್ಮದೂ ಸೇರಿಸಿ ಒಂದು ಫ್ಲ್ಯಾಟ್ ತೆಗೆಯೋಣ ಅಂತ ಮಾತಾಯಿತು. ಬೆಂಗಳೂರಿನ ಹೋಟೆಲೊಂದರಲ್ಲಿ ಭಾನುವಾರ ಪ್ರಾಪರ್ಟಿ ಮೇಳ ನಡೆದಿತ್ತು. ಅಲ್ಲಿ ಸಿಕ್ಕ ಏಜೆಂಟ್ "ಇವತ್ತೇ ಬುಕ್ ಮಾಡಿದರೆ ಮಾತ್ರ ಈ ಬೆಲೆ" ಅಂದ. ಮಗಳು ಅಲ್ಲಿಂದಲೇ 20 ಸಾವಿರ ದಿರ್ಹಂ ಕಳಿಸಿದಳು. ದುಡ್ಡು ಹೋಗಿದ್ದು ಏಜೆಂಟನ ಕಂಪನಿಯ ಖಾತೆಗೆ. ಕಟ್ಟಡದ ಖಾತೆಗಲ್ಲ. ಬಂದ ರಸೀದಿಯಲ್ಲಿ ಬಿಲ್ಡರ್ ಹೆಸರೇ ಇರಲಿಲ್ಲ. ಐದು ತಿಂಗಳು ಅಲೆದ ಮೇಲೆ 12 ಸಾವಿರ ವಾಪಸ್ ಬಂತು. ಉಳಿದದ್ದು ಇವತ್ತಿಗೂ ಬಂದಿಲ್ಲ. ಮಗಳು ಫೋನಿನಲ್ಲಿ ಅತ್ತಿದ್ದು ನನಗೆ ಈಗಲೂ ಕಿವಿಯಲ್ಲಿದೆ.

ಆಮೇಲೆ ನಾವು ಒಂದು ನಿಯಮ ಹಾಕಿಕೊಂಡೆವು. ಮಾರುವವರು ಕೊಟ್ಟ ಕಾಗದದ ಮೇಲೆ ತೀರ್ಮಾನ ಮಾಡಬಾರದು. ಆ ಕಾಗದ ಯಾವ ಕಚೇರಿಯಿಂದ ಹುಟ್ಟಿದೆಯೋ ಆ ಕಚೇರಿಯಿಂದಲೇ ಮತ್ತೊಂದು ಸಲ ತೆಗೆದು ನೋಡಬೇಕು. ಊರಲ್ಲಿ ನಾವು ಮಾಡುವುದೂ ಇದೇ ಅಲ್ವಾ? ಮಾರುವವರು ಎಷ್ಟು ಜೆರಾಕ್ಸ್ ಕೊಟ್ಟರೂ ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಯುತ್ತೇವೆ, ನೋಂದಣಿ ಇಲಾಖೆಯ ಕಾವೇರಿಯಲ್ಲಿ ಇ.ಸಿ., ಅಂದರೆ ಋಣಭಾರ ಪತ್ರ ತೆಗೆಯುತ್ತೇವೆ. ಕೆಳಗೆ ಬರೆದಿರುವುದೆಲ್ಲ ಆ ಒಂದು ನಿಯಮವನ್ನು ದುಬೈನಲ್ಲಿ ಪಾಲಿಸುವುದು ಹೇಗೆ ಅನ್ನುವುದು. ಎರಡನೇ ಸಲ ನಾವು ಇದೇ ದಾರಿಯಲ್ಲಿ ಹೋಗಿ ಫ್ಲ್ಯಾಟ್ ತೆಗೆದೆವು.

ಮೊದಲು ದುಡ್ಡಿನ ದಾರಿ

ತುಂಬಾ ಜನ ಫ್ಲ್ಯಾಟ್ ನೋಡಿ, ಬೆಲೆ ಮಾತಾಡಿ, ಕೊನೆಗೆ ಬ್ಯಾಂಕಿಗೆ ಹೋಗುತ್ತಾರೆ. ಇದನ್ನು ತಿರುಗಿಸಿ. ಬ್ಯಾಂಕಿಗೆ ಮೊದಲು ಹೋಗಿ. ಇಲ್ಲಿಂದ ದುಡ್ಡು ಹೋಗುವ ದಾರಿ ಸರಿ ಇಲ್ಲದಿದ್ದರೆ ಅಲ್ಲಿ ಕಾಗದ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಭಾರತದಲ್ಲಿ ವಾಸ ಇರುವವರು ಹೊರದೇಶದಲ್ಲಿ ಆಸ್ತಿ ಕೊಳ್ಳಲು ರಿಸರ್ವ್ ಬ್ಯಾಂಕಿನ ಲಿಬರಲೈಸ್ಡ್ ರೆಮಿಟೆನ್ಸ್ ಸ್ಕೀಮ್, ಅಂದರೆ ಎಲ್‌ಆರ್‌ಎಸ್ ಅಡಿಯಲ್ಲಿ ದುಡ್ಡು ಕಳಿಸಬಹುದು. 2004ರಲ್ಲಿ ಇದು ಶುರುವಾದಾಗ ಮಿತಿ 25 ಸಾವಿರ ಡಾಲರ್ ಇತ್ತು. ಈಗ ಒಬ್ಬರಿಗೆ ಒಂದು ಹಣಕಾಸು ವರ್ಷಕ್ಕೆ 2,50,000 ಡಾಲರ್. ದಿರ್ಹಂ ಬೆಲೆಯನ್ನು ಡಾಲರಿಗೆ 3.6725 ಅಂತ ಗಟ್ಟಿ ಮಾಡಿ ಕಟ್ಟಿದ್ದಾರೆ. ಹಾಗಾಗಿ ಒಬ್ಬರ ಮಿತಿ ಅಂದರೆ 9,18,125 ದಿರ್ಹಂ. ಗಂಡ, ಹೆಂಡತಿ ಇಬ್ಬರೂ ಸೇರಿ ಕಳಿಸಬಹುದು. ಆದರೆ ಇಬ್ಬರ ಹೆಸರೂ ಆಸ್ತಿಯ ಪತ್ರದಲ್ಲಿ ಇರಬೇಕು. ಪತ್ರದಲ್ಲಿ ಹೆಸರಿಲ್ಲದ ತಮ್ಮನದೋ ಅತ್ತೆಯದೋ ಮಿತಿ ಬಳಸಿಕೊಂಡು ಆಸ್ತಿಗೆ ದುಡ್ಡು ಕಳಿಸುವಂತಿಲ್ಲ. ಇದನ್ನು "ಏನೂ ಆಗಲ್ಲ ಬಿಡಿ" ಅನ್ನುವವರು ಸಿಗುತ್ತಾರೆ. ಅವರ ಮಾತು ಕೇಳಬೇಡಿ.

ಅಲ್ಲೇ ವಾಸವಿರುವ ಮಗಳು, ಅಳಿಯ ಅಲ್ಲಿನ ಸಂಬಳದಿಂದ ಹಾಕುವ ದುಡ್ಡಿಗೆ ಈ ಮಿತಿ ಇಲ್ಲ. ಹೊರದೇಶದಲ್ಲಿರುವ ಸಂಬಂಧಿಕರ ಜೊತೆ ಜಂಟಿಯಾಗಿ ಆಸ್ತಿ ಕೊಳ್ಳಲು 2022ರ ವಿದೇಶಿ ಹೂಡಿಕೆ ನಿಯಮಗಳಲ್ಲಿ ಅವಕಾಶ ಇದೆ. ಯಾರು ಎಷ್ಟು ಹಾಕುತ್ತೀರಿ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಬ್ಯಾಂಕಿಗೆ ತೋರಿಸಿ. ಉತ್ತರವನ್ನು ಇಮೇಲಿನಲ್ಲಿ ಕೇಳಿ. ಕೌಂಟರಿನಲ್ಲಿ ಆಡಿದ ಮಾತು ಎರಡು ವರ್ಷ ಆದಮೇಲೆ ನೆರವಿಗೆ ಬರುವುದಿಲ್ಲ.

ಈಗ ಟಿಸಿಎಸ್, ಅಂದರೆ ದುಡ್ಡು ಕಳಿಸುವಾಗಲೇ ಮುಂಗಡವಾಗಿ ಹಿಡಿಯುವ ತೆರಿಗೆ. 2025ರ ಏಪ್ರಿಲ್‌ನಿಂದ, ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಶೇ. 20 ಟಿಸಿಎಸ್ ಅನ್ನು ಬ್ಯಾಂಕ್ ಹಿಡಿದುಕೊಳ್ಳುತ್ತದೆ. ನಮ್ಮ ಪಾಲು 5 ಲಕ್ಷ ದಿರ್ಹಂ. ದಿರ್ಹಮಿಗೆ 24 ರೂಪಾಯಿ ಅಂತ ಹಿಡಿದರೆ 1.20 ಕೋಟಿ ರೂಪಾಯಿ. ನಾನೊಬ್ಬನೇ ಕಳಿಸಿದ್ದರೆ 22 ಲಕ್ಷ ಹಿಡಿಯುತ್ತಿದ್ದರು. ಜಮೀನು ನಮ್ಮಿಬ್ಬರ ಹೆಸರಲ್ಲಿದ್ದದ್ದರಿಂದ ನಾನೂ ನಮ್ಮ ಮನೆಯವರೂ ತಲಾ 60 ಲಕ್ಷ ಕಳಿಸಿದೆವು. ಆಗ ಹಿಡಿದದ್ದು ಇಬ್ಬರಿಂದ 20 ಲಕ್ಷ. ಇದು ಕಳೆದುಹೋಗುವ ದುಡ್ಡಲ್ಲ. ರಿಟರ್ನ್ ಹಾಕುವಾಗ ತೆರಿಗೆಗೆ ವಜಾ ಮಾಡಿಕೊಳ್ಳಬಹುದು, ಜಾಸ್ತಿ ಇದ್ದರೆ ವಾಪಸ್ ಬರುತ್ತದೆ. ಆದರೆ ಅಲ್ಲಿವರೆಗೆ ಕೈಯಲ್ಲಿ ಇರುವುದಿಲ್ಲ. ಮಗಳ ಮದುವೆಗೋ ಆಸ್ಪತ್ರೆಗೋ ಇಟ್ಟ ದುಡ್ಡನ್ನು ಇದರಲ್ಲಿ ಸಿಕ್ಕಿಸಬೇಡಿ.

ಬ್ಯಾಂಕಿಗೆ ಒಯ್ಯಬೇಕಾದದ್ದು: ಪಾನ್ ಕಾರ್ಡ್, ಪಾಸ್‌ಪೋರ್ಟ್, ಹೊರದೇಶಕ್ಕೆ ದುಡ್ಡು ಕಳಿಸಲು ತುಂಬುವ ಎ2 ಫಾರಂ, ಎಲ್‌ಆರ್‌ಎಸ್ ಘೋಷಣೆ, ಅಲ್ಲಿನ ಮಾರಾಟದ ಕರಾರು. ಎ2 ಫಾರಂನಲ್ಲಿ ಉದ್ದೇಶದ ಕೋಡ್ ಹಾಕಬೇಕು. ಹೊರದೇಶದ ಸ್ಥಿರಾಸ್ತಿಗೆ ಅದು ಎಸ್0005. "ಕುಟುಂಬ ನಿರ್ವಹಣೆ" ಅಂತ ಹಾಕಿಬಿಡಿ, ಸುಲಭ ಆಗುತ್ತೆ ಅನ್ನುವವರಿದ್ದಾರೆ. ಅದು ಸುಳ್ಳು ಘೋಷಣೆ. ಜಮೀನು ಮಾರಿದ ದುಡ್ಡಾದರೆ ನೋಂದಾಯಿತ ಕ್ರಯಪತ್ರ, ಪಹಣಿ, ದುಡ್ಡು ಬಂದ ಬ್ಯಾಂಕ್ ಪಾಸ್‌ಬುಕ್ ಪುಟ ಜೊತೆಗಿರಲಿ. ನಮ್ಮ ಕಡೆ ಕ್ರಯಪತ್ರದಲ್ಲಿ ಒಂದು ಮೊತ್ತ, ಕೈಗೆ ಇನ್ನೊಂದು ಮೊತ್ತ ಅನ್ನುವ ಕೆಟ್ಟ ರೂಢಿ ಇನ್ನೂ ಇದೆ. ಹಾಗೆ ನಗದು ತೆಗೆದುಕೊಂಡವರಿಗೆ ಆ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಲು ದಾರಿಯೇ ಇರುವುದಿಲ್ಲ. ಆಗ ಹವಾಲಾದವರು ಬರುತ್ತಾರೆ. ವಿದೇಶಿ ವಿನಿಮಯದ ಫೆಮಾ ಕಾಯ್ದೆಯಲ್ಲಿ ದಂಡ ಮೊತ್ತದ ಮೂರು ಪಟ್ಟುವರೆಗೆ ಹೋಗಬಹುದು. ಅಲ್ಲಿನ ಆಸ್ತಿಗೆ ಸಮನಾದ ಇಲ್ಲಿನ ಆಸ್ತಿಯನ್ನು ಜಪ್ತಿ ಮಾಡಲೂ ಅಧಿಕಾರ ಇದೆ.

ಇನ್ನೂ ಎರಡು ವಿಷಯ. ಈ ರೀತಿ ದುಡ್ಡು ಕಳಿಸಲು ಇಲ್ಲಿನ ಬ್ಯಾಂಕುಗಳು ಸಾಲ ಕೊಡುವಂತಿಲ್ಲ. ಮೇಳದಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿ ಬುಕ್ ಮಾಡಿ ಅಂದರೆ ಮಾಡಬೇಡಿ, ಆಸ್ತಿಯ ದುಡ್ಡು ಬ್ಯಾಂಕಿನಿಂದಲೇ ಹೋಗಲಿ. ಮತ್ತೆ, ಕಳಿಸಿದ ಮೇಲೆ ವ್ಯವಹಾರ ಮುರಿದುಬಿದ್ದರೆ ಬಳಸದ ದುಡ್ಡನ್ನು 180 ದಿನದೊಳಗೆ ಭಾರತಕ್ಕೆ ತರಬೇಕು, ಇಲ್ಲವೇ ನಿಯಮದೊಳಗೆ ಬೇರೆ ಕಡೆ ಹೂಡಬೇಕು. ಸುಮ್ನೆ ಅಲ್ಲೇ ಬಿಡುವಂತಿಲ್ಲ.

ಆ ಜಾಗದಲ್ಲಿ ನೀವು ಕೊಳ್ಳಬಹುದೇ?

ನಮ್ಮಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಕೊಟ್ಟ ಗ್ರಾಂಟ್ ಜಮೀನು ಇರುತ್ತದೆ. ದುಡ್ಡು ಕೊಟ್ಟರೂ, ಪತ್ರ ಆದರೂ, ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಉಳಿಯುವುದಿಲ್ಲ. 1978ರ ಪಿಟಿಸಿಎಲ್ ಕಾಯ್ದೆಯಿಂದ ಜಮೀನು ಕಳೆದುಕೊಂಡವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ದುಬೈನಲ್ಲೂ ಇಂಥದ್ದೇ ಒಂದು ಗೆರೆ ಇದೆ. ಅಲ್ಲಿನ 2006ರ 7ನೇ ಕಾನೂನಿನ ಪ್ರಕಾರ ಹೊರದೇಶದವರು ಎಲ್ಲ ಕಡೆ ಆಸ್ತಿ ಕೊಳ್ಳುವಂತಿಲ್ಲ. ಅಲ್ಲಿನ ದೊರೆ ಗುರುತು ಮಾಡಿದ ಪ್ರದೇಶಗಳಲ್ಲಿ ಮಾತ್ರ ಕೊಳ್ಳಬಹುದು. ದುಬೈ ಮರೀನಾ, ಡೌನ್‌ಟೌನ್, ಪಾಮ್ ಜುಮೇರಾ ಇಂಥ ಪ್ರದೇಶಗಳು.

ಗುರುತಾದ ಪ್ರದೇಶದಲ್ಲೂ ಎರಡು ಬಗೆ ಇದೆ. ಫ್ರೀಹೋಲ್ಡ್ ಅಂದರೆ ಪೂರ್ತಿ ಒಡೆತನ. ಲೀಸ್‌ಹೋಲ್ಡ್ ಅಂದರೆ ಅವಧಿಗೆ ಮಾತ್ರ, ಹೆಚ್ಚೆಂದರೆ 99 ವರ್ಷ. ಏಜೆಂಟರು ಎರಡನ್ನೂ "ಓನರ್‌ಶಿಪ್" ಅಂತಲೇ ಕರೆಯುತ್ತಾರೆ. ಪತ್ರದಲ್ಲಿ ಯಾವುದಿದೆ ಅಂತ ನೋಡಿ. ಪಕ್ಕದ ಶಾರ್ಜಾದಲ್ಲಿ ಬೆಲೆ ಕಡಿಮೆ ಅಂತ ಹೋಗುವವರು ಅಲ್ಲಿನ ನಿಯಮವನ್ನು ಬೇರೆಯಾಗಿಯೇ ಓದಬೇಕು. ಒಂದೊಂದು ಎಮಿರೇಟಿಗೂ ಅದರದೇ ಕಾನೂನು. ಇಲ್ಲಿ ಬರೆದಿರುವುದು ದುಬೈಗೆ ಮಾತ್ರ.

ಬ್ರೋಕರ್ ಮತ್ತು ಜಾಹೀರಾತು

ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟ್ ಅನ್ನುವುದು ಅಲ್ಲಿನ ನೋಂದಣಿ ಇಲಾಖೆ, 1960ರಿಂದ ಇದೆ. ಅದರ ಕೆಳಗೆ 2007ರಲ್ಲಿ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಸಂಸ್ಥೆ ಬಂತು. ನಮ್ಮ ಕರ್ನಾಟಕದ ರೇರಾ ಬೇರೆ, ಇದು ಬೇರೆ. ಹೆಸರು ಒಂದೇ ಆದ್ದರಿಂದ "ರೇರಾ ಅಪ್ರೂವ್ಡ್" ಅಂದಾಗ ಯಾವ ರೇರಾ ಅಂತ ಕೇಳಿ.

ದುಬೈ ರೆಸ್ಟ್ ಅನ್ನುವ ಆ್ಯಪ್ ಇಲಾಖೆಯದೇ. ಅದನ್ನು ಮೊಬೈಲಿಗೆ ಹಾಕಿಕೊಳ್ಳಿ. ಪ್ರತಿ ಬ್ರೋಕರಿಗೂ ಬಿಆರ್‌ಎನ್ ಅನ್ನುವ ನಂಬರ್ ಇರುತ್ತದೆ. ಆ್ಯಪಿನಲ್ಲಿ ಹಾಕಿದರೆ ಹೆಸರು, ಕಂಪನಿ, ಪರವಾನಗಿ ಇದೆಯೋ ಮುಗಿದಿದೆಯೋ ಗೊತ್ತಾಗುತ್ತದೆ. ಜಾಹೀರಾತಿಗೂ ಪರ್ಮಿಟ್ ನಂಬರ್ ಬೇಕು. ನಮಗೆ ಮೇಳದಲ್ಲಿ ಸಿಕ್ಕ ಏಜೆಂಟನ ಕಾರ್ಡಿನಲ್ಲಿ ಬಿಆರ್‌ಎನ್ ಇರಲಿಲ್ಲ. ಆಗ ಅದನ್ನು ಕೇಳಬೇಕು ಅಂತಲೇ ನಮಗೆ ಗೊತ್ತಿರಲಿಲ್ಲ.

ಕಟ್ಟಿ ಮುಗಿದ ಫ್ಲ್ಯಾಟ್ ಆದರೆ: ಟೈಟಲ್ ಡೀಡ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಪದ್ಧತಿಗೂ ಅಲ್ಲಿನ ಪದ್ಧತಿಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ.

ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗುವುದು ಪತ್ರ. ಇಂಥವರು ಇಂಥವರಿಗೆ ಬರೆದುಕೊಟ್ಟರು ಅನ್ನುವುದಕ್ಕೆ ಅದು ಸಾಕ್ಷಿ. ಮಾರಿದವರಿಗೆ ನಿಜವಾಗಿ ಹಕ್ಕು ಇತ್ತು ಅಂತ ಸರ್ಕಾರ ಭರವಸೆ ಕೊಡುವುದಿಲ್ಲ. ಅದಕ್ಕೇ ಮೂವತ್ತು ವರ್ಷದ ಇ.ಸಿ., ಮೂಲಪತ್ರ, ವಂಶವೃಕ್ಷ, ಅಣ್ಣ ತಮ್ಮಂದಿರ ಭಾಗಪತ್ರ ಎಲ್ಲ ಹಿಂದಕ್ಕೆ ಹಿಂದಕ್ಕೆ ಹೋಗಿ ನೋಡುತ್ತೇವೆ. ದುಬೈನಲ್ಲಿ ಇಲಾಖೆಯ ರಿಜಿಸ್ಟರಿನಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು. ಮೋಸ ಅಥವಾ ನಕಲಿ ಕಾಗದ ಅಂತ ಸಾಬೀತು ಮಾಡಿದರೆ ಮಾತ್ರ ಅದನ್ನು ಪ್ರಶ್ನೆ ಮಾಡಬಹುದು. 2006ರ ಕಾನೂನೇ ಹಾಗೆ ಹೇಳುತ್ತದೆ. ಆದ್ದರಿಂದ ಅಲ್ಲಿ ಹಳೆಯ ಕಂತೆ ಬಿಚ್ಚುವ ಕೆಲಸ ಕಡಿಮೆ. ಇವತ್ತು ರಿಜಿಸ್ಟರಿನಲ್ಲಿ ಏನಿದೆ ಅನ್ನುವುದನ್ನು ಖಚಿತ ಮಾಡಿಕೊಳ್ಳುವ ಕೆಲಸ ಜಾಸ್ತಿ.

ಟೈಟಲ್ ಡೀಡ್, ಅಂದರೆ ಇಲಾಖೆ ಕೊಡುವ ಒಡೆತನದ ಪತ್ರ, ಈಗ ಡಿಜಿಟಲ್. ಮಾರುವವರು ಅದರ ಪಿಡಿಎಫ್ ಕಳಿಸುತ್ತಾರೆ. ಪಿಡಿಎಫ್ ತಿದ್ದುವುದು ಕಷ್ಟ ಅಲ್ಲ. ಅದರಲ್ಲಿರುವ ನಂಬರ್ ತೆಗೆದುಕೊಂಡು ದುಬೈ ರೆಸ್ಟ್ ಆ್ಯಪಿನಲ್ಲೋ ಇಲಾಖೆಯ ಜಾಲತಾಣದಲ್ಲೋ ಪರಿಶೀಲಿಸಿ. ಆಮೇಲೆ ಒಂದೊಂದೇ ಹೋಲಿಸಿ. ಮಾರುವವರ ಹೆಸರು ಅವರ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇದೆಯೇ? ಇಬ್ಬರು ಒಡೆಯರಿದ್ದರೆ ಇಬ್ಬರೂ ಸಹಿ ಹಾಕಲು ಬರುತ್ತಾರೆಯೇ? ಫ್ಲ್ಯಾಟ್ ನಂಬರ್, ಕಟ್ಟಡದ ಹೆಸರು, ಪಾರ್ಕಿಂಗ್ ನಂಬರ್ ಸರಿ ಇದೆಯೇ?

ಅಳತೆ ಚದರ ಮೀಟರಿನಲ್ಲಿ ಇರುತ್ತದೆ. ಒಂದು ಚದರ ಮೀಟರ್ ಅಂದರೆ 10.764 ಚದರಡಿ. ನಾವು ನೋಡಿದ ಒಂದು ಫ್ಲ್ಯಾಟಿನ ಜಾಹೀರಾತಿನಲ್ಲಿ 850 ಚದರಡಿ ಅಂತ ಇತ್ತು. ಡೀಡಿನಲ್ಲಿ 70 ಚದರ ಮೀಟರ್. ಲೆಕ್ಕ ಹಾಕಿದರೆ 753 ಚದರಡಿ. ನಮ್ಮ ಕಡೆ ಪಹಣಿಗೂ ಸರ್ವೆ ಇಲಾಖೆಯ ಆಕಾರ್‌ಬಂದ್‌ಗೂ ಗುಂಟೆ ವ್ಯತ್ಯಾಸ ಬಂದಾಗ ಏನು ಮಾಡುತ್ತೇವೋ ಅದನ್ನೇ ಮಾಡಿದೆವು. ಡೀಡಿನ ಅಳತೆಗೆ ಮಾತ್ರ ಬೆಲೆ ಮಾತಾಡುತ್ತೇವೆ ಅಂದೆವು. ಅವರು ಒಪ್ಪಲಿಲ್ಲ. ನಾವು ಮುಂದೆ ಹೋದೆವು.

ಮುಂದಿನದು ಅಡಮಾನ. ಬ್ಯಾಂಕ್ ಸಾಲ ಇದ್ದರೆ ಅದು ಇಲಾಖೆಯಲ್ಲಿ ದಾಖಲಾಗಿರುತ್ತದೆ. ಅಡಮಾನ ಇದೆ ಅಂದ ಮಾತ್ರಕ್ಕೆ ಆ ಫ್ಲ್ಯಾಟ್ ಬಿಡಬೇಕಾಗಿಲ್ಲ. ಸಾಲ ಎಷ್ಟು ಬಾಕಿ ಇದೆ ಅಂತ ಮಾರುವವರ ಬ್ಯಾಂಕ್ ಪತ್ರ ಕೊಡುತ್ತದೆ. ಅದನ್ನು ಕೇಳಿ. ಸಾಲ ತೀರಿಸುವ ಚೆಕ್ ಬ್ಯಾಂಕಿನ ಹೆಸರಿಗೇ ಇರಲಿ, ಮಾರುವವರ ಹೆಸರಿಗೆ ಬೇಡ. ಅಡಮಾನ ಬಿಡುಗಡೆ ಆಗಿ, ಅದು ರಿಜಿಸ್ಟರಿನಲ್ಲಿ ಬಂದ ಮೇಲೆ ಮಾತ್ರ ಉಳಿದ ದುಡ್ಡು. "ನೀವು ಕೊಟ್ಟ ದುಡ್ಡಿನಿಂದಲೇ ನಾನು ಸಾಲ ಕಟ್ಟುತ್ತೇನೆ, ನಂಬಿ" ಅನ್ನುವ ಮಾತನ್ನು ಚಿಕ್ಕಬಳ್ಳಾಪುರದಲ್ಲೂ ಒಪ್ಪಬೇಡಿ, ದುಬೈನಲ್ಲೂ ಒಪ್ಪಬೇಡಿ.

ಕಟ್ಟುತ್ತಿರುವ ಫ್ಲ್ಯಾಟ್ ಆದರೆ

ಮೇಳಗಳಲ್ಲಿ ಮಾರುವುದು ಹೆಚ್ಚಾಗಿ ಇಂಥದ್ದೇ. ನಾವು ಮೊದಲ ಸಲ ಏಟು ತಿಂದಿದ್ದೂ ಇಲ್ಲೇ. ಆದ್ದರಿಂದ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಊರಲ್ಲಿ ಕೂತು ಮೊದಲ ಸಲ ಹೊರದೇಶದಲ್ಲಿ ಕೊಳ್ಳುವವರು ಕಟ್ಟಿ ಮುಗಿದದ್ದನ್ನೇ ನೋಡಿ. ಕಟ್ಟುತ್ತಿರುವುದನ್ನೇ ಕೊಳ್ಳುತ್ತೇವೆ ಅಂದರೆ ಮೂರು ವಿಷಯ ಕೈಬಿಡಬೇಡಿ.

ಒಂದು, ಎಸ್ಕ್ರೋ ಖಾತೆ. ದುಬೈನ 2007ರ 8ನೇ ಕಾನೂನಿನ ಪ್ರಕಾರ ಪ್ರತಿ ಪ್ರಾಜೆಕ್ಟಿಗೂ ಅದರ ಹೆಸರಿನಲ್ಲೇ ಬೇರೆ ಖಾತೆ ಇರಬೇಕು. ಕೊಳ್ಳುವವರ ದುಡ್ಡು ಅಲ್ಲಿಗೇ ಹೋಗಬೇಕು, ಆ ಕಟ್ಟಡಕ್ಕೇ ಖರ್ಚಾಗಬೇಕು. ಬಿಲ್ಡರ್ ಬೇರೆಯವರ ಸಾಲ ತೀರಿಸಬೇಕಾಗಿದ್ದರೂ ಆ ಸಾಲ ಕೊಟ್ಟವರು ಈ ಖಾತೆಗೆ ಕೈ ಹಾಕುವಂತಿಲ್ಲ. ಕಟ್ಟಡ ಮುಗಿದ ಮೇಲೂ ಶೇ. 5ರಷ್ಟು ದುಡ್ಡು ಒಂದು ವರ್ಷ ಅಲ್ಲೇ ಉಳಿಯುತ್ತದೆ. ಹಾಗಾಗಿ ದುಡ್ಡು ಕಳಿಸುವ ಮುಂಚೆ ಖಾತೆಯ ಹೆಸರು ಓದಿ. ಪ್ರಾಜೆಕ್ಟಿನ ಹೆಸರು ಇಲ್ಲವಾ? ಒಂದು ದಿರ್ಹಂ ಕೂಡ ಕಳಿಸಬೇಡಿ. ಬುಕಿಂಗ್, ಟೋಕನ್, ಇಒಐ (ಆಸಕ್ತಿ ಪತ್ರ) ಅಂತ ಯಾವ ಹೆಸರಿನಲ್ಲಿ ಕೇಳಿದರೂ ಅಷ್ಟೇ. ನಮ್ಮ 20 ಸಾವಿರ ಆ ಒಂದು ಸಾಲು ಓದದೆ ಹೋಯಿತು.

ಎರಡು, ಒಕೂದ್. ಕಟ್ಟುತ್ತಿರುವ ಫ್ಲ್ಯಾಟಿಗೆ ಟೈಟಲ್ ಡೀಡ್ ಇರುವುದಿಲ್ಲ. ಇಲಾಖೆಯ ತಾತ್ಕಾಲಿಕ ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಬರುತ್ತದೆ. ಅದಕ್ಕೆ ಒಕೂದ್ ಅನ್ನುತ್ತಾರೆ. 2008ರ 13ನೇ ಕಾನೂನಿನಲ್ಲಿ ಸ್ಪಷ್ಟವಾಗಿದೆ: ತಾತ್ಕಾಲಿಕ ರಿಜಿಸ್ಟರಿನಲ್ಲಿ ಸೇರದ ಮಾರಾಟ ಊರ್ಜಿತವೇ ಅಲ್ಲ. ಬಿಲ್ಡರ್ ಜೊತೆ ನೂರು ಪುಟದ ಕರಾರು ಇದ್ದರೂ ಒಕೂದ್ ಇಲ್ಲದಿದ್ದರೆ ಕೈಯಲ್ಲಿ ಏನೂ ಇಲ್ಲ ಅಂತಲೇ ತಿಳಿಯಿರಿ. ಯಾರೋ ಬುಕ್ ಮಾಡಿದ್ದನ್ನು ನೀವು ಮಧ್ಯದಲ್ಲಿ ಕೊಳ್ಳುತ್ತಿದ್ದರೆ ಮೊದಲು ಅವರ ಹೆಸರಿನ ಒಕೂದ್ ನೋಡಿ. ಅದನ್ನು ನಿಮ್ಮ ಹೆಸರಿಗೆ ಬದಲಾಯಿಸಲು ಬಿಲ್ಡರ್ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ಕೊಡುತ್ತಾರೆಯೇ ಅಂತಲೂ ಕೇಳಿ. ಬೆಲೆಯಲ್ಲಿ ಇಷ್ಟು ಭಾಗ ಕಟ್ಟುವವರೆಗೆ ಮಾರುವಂತಿಲ್ಲ ಅನ್ನುವ ಷರತ್ತು ಕರಾರಿನಲ್ಲೇ ಇರಬಹುದು.

ಮೂರು, ಕರಾರಿನ ಒಳಗೆ. ಫ್ಲ್ಯಾಟ್ ಕೊಡುವ ದಿನಾಂಕ ಓದಿ, ಅದರ ಮೇಲೆ ಬಿಲ್ಡರಿಗೆ ಎಷ್ಟು ತಿಂಗಳ ಹೆಚ್ಚುವರಿ ಸಮಯ ಇದೆ ಅನ್ನುವುದನ್ನೂ ಓದಿ. ಕಂತು ತಪ್ಪಿದರೆ ಏನಾಗುತ್ತದೆ ಅನ್ನುವುದು ಇನ್ನೂ ಮುಖ್ಯ. ನೀವು ಕಟ್ಟದಿದ್ದರೆ ಬಿಲ್ಡರ್ ಇಲಾಖೆಗೆ ತಿಳಿಸುತ್ತಾರೆ, ನಿಮಗೆ 30 ದಿನದ ನೋಟಿಸ್ ಬರುತ್ತದೆ. ಆಮೇಲೆ ಕರಾರು ರದ್ದು ಮಾಡಿ, ಕೆಲಸ ಶೇ. 60 ದಾಟಿದ್ದರೆ ಫ್ಲ್ಯಾಟ್ ಬೆಲೆಯ ಶೇ. 40ರವರೆಗೆ ಹಿಡಿದುಕೊಳ್ಳಬಹುದು. ಕೆಲಸ ಶುರುವಾಗಿ ಶೇ. 60 ಮುಟ್ಟದಿದ್ದರೆ ಶೇ. 25ರವರೆಗೆ. ಗಮನಿಸಿ, ಇದು ನೀವು ಕಟ್ಟಿದ ಮೊತ್ತದ ಮೇಲಲ್ಲ, ಫ್ಲ್ಯಾಟಿನ ಪೂರ್ತಿ ಬೆಲೆಯ ಮೇಲೆ. ಹೂವಿಗೂ ದ್ರಾಕ್ಷಿಗೂ ಒಂದು ವರ್ಷ ರೇಟ್ ಇದ್ದರೆ ಇನ್ನೊಂದು ವರ್ಷ ಇರುವುದಿಲ್ಲ. ಅಂಥ ಆದಾಯ ನಂಬಿಕೊಂಡು ನಾಲ್ಕು ವರ್ಷದ ಕಂತಿಗೆ ಸಹಿ ಹಾಕಬೇಡಿ. ಫ್ಲ್ಯಾಟ್ ಕೈಗೆ ಬಂದ ಮೇಲೂ ಕಂತು ಕಟ್ಟುವ ಯೋಜನೆ ಇದ್ದರೆ ಅದನ್ನು ಸಹಿಗೆ ಮುಂಚೆ ನಿಮ್ಮ ಬ್ಯಾಂಕಿಗೆ ತೋರಿಸಿ, ಫೆಮಾ ನಿಯಮಕ್ಕೆ ಸರಿಹೋಗುತ್ತದೆಯೇ ಅಂತ ಬರಹದಲ್ಲಿ ಪಡೆಯಿರಿ.

ಕೆಲಸ ಎಷ್ಟು ಭಾಗ ಮುಗಿದಿದೆ ಅನ್ನುವುದನ್ನು ದುಬೈ ರೆಸ್ಟ್ ಆ್ಯಪಿನಲ್ಲಿ ಪ್ರಾಜೆಕ್ಟಿನ ಹೆಸರು ಹಾಕಿ ನೋಡಬಹುದು. ಜೊತೆಗೆ ಅಲ್ಲಿರುವವರು ಯಾರಾದರೂ ಒಂದು ರಜೆಯ ದಿನ ಹೋಗಿ ಕಣ್ಣಾರೆ ನೋಡಲಿ.

ಬಾಕಿಗಳು ಮತ್ತು ಬಾಡಿಗೆದಾರರು

ಕಟ್ಟಡದ ಲಿಫ್ಟು, ಕಾವಲು, ಸ್ವಚ್ಛತೆಗೆ ವರ್ಷಕ್ಕೆ ಚದರಡಿ ಲೆಕ್ಕದಲ್ಲಿ ಸರ್ವಿಸ್ ಚಾರ್ಜ್ ಕಟ್ಟಬೇಕು. ರೇರಾ ಒಪ್ಪಿದ ದರ ಆ ಕಟ್ಟಡಕ್ಕೆ ಎಷ್ಟು ಅನ್ನುವುದು ಇಲಾಖೆಯ ಸೂಚಿಯಲ್ಲಿ ಸಿಗುತ್ತದೆ. ಬಾಡಿಗೆ ಇಷ್ಟು ಬರುತ್ತದೆ ಅಂತ ಏಜೆಂಟ್ ಹೇಳಿದಾಗ ಇದನ್ನು ಕಳೆದು ಲೆಕ್ಕ ಹಾಕಿ. ನಾವು ಕೊಂಡ ಫ್ಲ್ಯಾಟಿನಲ್ಲಿ ಹಿಂದಿನವರು 31 ಸಾವಿರ ದಿರ್ಹಂ ಬಾಕಿ ಇಟ್ಟಿದ್ದರು. ಎನ್‌ಒಸಿ ಕೇಳಿದಾಗ ಅದು ಹೊರಬಂತು. ಅವರ ದುಡ್ಡಿನಲ್ಲೇ ಕಟ್ಟಿಸಿ, ರಸೀದಿ ನೋಡಿ ಮುಂದುವರಿದೆವು. ಅಲ್ಲಿನ ಕರೆಂಟು, ನೀರಿನ ಸಂಸ್ಥೆ 'ದೇವಾ'ದ ಬಿಲ್ ಬೇರೆ. ಕೆಲವು ಕಟ್ಟಡಗಳಲ್ಲಿ ಏಸಿಯ ತಣ್ಣೀರು ಹೊರಗಿನ ಕಂಪನಿಯಿಂದ ಬರುತ್ತದೆ. ಅದರ ಬಿಲ್ಲೂ ಬೇರೆ. ಅಲ್ಲಿನ ಬೇಸಿಗೆಯಲ್ಲಿ ಅದು ಸಣ್ಣ ಮೊತ್ತ ಅಲ್ಲ.

ಬಾಡಿಗೆದಾರರಿದ್ದರೆ ಇಜಾರಿ ಅನ್ನುವ ನೋಂದಾಯಿತ ಬಾಡಿಗೆ ಕರಾರು ಕೇಳಿ. ಒಡೆಯರು ಬದಲಾದರೂ ಆ ಕರಾರು ನಡೆಯುತ್ತದೆ. ನೀವೇ ವಾಸಕ್ಕೆ ಹೋಗಬೇಕು ಅಂದರೆ ನೋಟರಿ ಮೂಲಕ ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ 12 ತಿಂಗಳ ಮುಂಚೆ ನೋಟಿಸ್ ಕೊಟ್ಟಿರಬೇಕು. "ಮುಂದಿನ ತಿಂಗಳು ಖಾಲಿ ಮಾಡುತ್ತಾರೆ" ಅನ್ನುವುದು ಬಾಯಿಮಾತು.

ಕರಾರು, ಎನ್‌ಒಸಿ, ನೋಂದಣಿ ದಿನ

ಬೆಲೆ ಕುದುರಿದ ಮೇಲೆ ಫಾರಂ ಎಫ್ ಅನ್ನುವ ಇಲಾಖೆಯ ನಮೂನೆಯಲ್ಲಿ ಕರಾರು ಆಗುತ್ತದೆ. ನಮ್ಮ ಕ್ರಯದ ಕರಾರಿನ ಹಾಗೆ. ಸಾಮಾನ್ಯವಾಗಿ ಶೇ. 10ರ ಮುಂಗಡ ಚೆಕ್ ಕೊಡುತ್ತಾರೆ. ಆ ಚೆಕ್ ನಗದಾಗದೆ ಬ್ರೋಕರ್ ಬಳಿ ಇರುವುದು ರೂಢಿ. ಚೆಕ್ ಮಾರುವವರ ಹೆಸರಿಗೆ ಇರಲಿ. ಎನ್‌ಒಸಿ ಬರದಿದ್ದರೆ, ಸಾಲ ತೀರದಿದ್ದರೆ, ಮುಂಗಡ ವಾಪಸ್ ಅಂತ ಕರಾರಿನಲ್ಲಿ ಬರೆಸಿ.

ಆಮೇಲೆ ಬಿಲ್ಡರ್ ಎನ್‌ಒಸಿ ಕೊಡಬೇಕು. ಅದಕ್ಕೆ 500ರಿಂದ 5,000 ದಿರ್ಹಂವರೆಗೆ ಶುಲ್ಕ ಇರುತ್ತದೆ. ಎನ್‌ಒಸಿಯ ಮೇಲೆ ಗಡುವಿನ ದಿನಾಂಕ ಇರುತ್ತದೆ, ಅದರೊಳಗೆ ನೋಂದಣಿ ಮುಗಿಸಿ.

ನೋಂದಣಿ ಆಗುವುದು ಇಲಾಖೆ ಒಪ್ಪಿದ ಟ್ರಸ್ಟಿ ಕಚೇರಿಯಲ್ಲಿ. ಇಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬೆಳಗಿನಿಂದ ಕಾಯುವವರಿಗೆ ಅಲ್ಲಿನ ವೇಗ ಆಶ್ಚರ್ಯ ತರುತ್ತದೆ. ನಮ್ಮದು ಎರಡು ಗಂಟೆಯೊಳಗೆ ಮುಗಿಯಿತು. ದುಡ್ಡು ಬ್ಯಾಂಕೇ ಬರೆದುಕೊಡುವ ಮ್ಯಾನೇಜರ್ಸ್ ಚೆಕ್‌ನಲ್ಲಿ, ಟೈಟಲ್ ಡೀಡಿನಲ್ಲಿರುವ ಹೆಸರಿಗೇ. ಅಲ್ಲೇ ನಿಮ್ಮ ಹೆಸರಿನ ಹೊಸ ಟೈಟಲ್ ಡೀಡ್ ಬರುತ್ತದೆ.

ಖರ್ಚು ನಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಫ್ಲ್ಯಾಟ್ ಬೆಲೆ 11 ಲಕ್ಷ ದಿರ್ಹಂ. ಇಲಾಖೆಗೆ ಶೇ. 4, ಅಂದರೆ 44,000. ಮಾರುವವರೂ ಕೊಳ್ಳುವವರೂ ಅರ್ಧರ್ಧ ಕೊಡಬೇಕು ಅಂತಿದ್ದರೂ ರೂಢಿಯಲ್ಲಿ ಕೊಳ್ಳುವವರ ಮೇಲೇ ಬೀಳುತ್ತದೆ. ಬ್ರೋಕರಿಗೆ ಶೇ. 2 ಮತ್ತು ಅದರ ಮೇಲೆ ಶೇ. 5 ವ್ಯಾಟ್, 23,100. ಟ್ರಸ್ಟಿ ಕಚೇರಿಗೆ ವ್ಯಾಟ್ ಸೇರಿ 4,200. ಡೀಡಿಗೆ 580. ಒಟ್ಟು 71,880 ದಿರ್ಹಂ. ರೂಪಾಯಿಯಲ್ಲಿ 17 ಲಕ್ಷದ ಮೇಲಾಯಿತು. ಇದನ್ನು ಬೆಲೆಯೊಳಗೆ ಸೇರಿಸಿಕೊಂಡೇ ಬಜೆಟ್ ಹಾಕಿ.

20 ಲಕ್ಷ ದಿರ್ಹಂ ಮೇಲಿನ ಆಸ್ತಿಗೆ ಹತ್ತು ವರ್ಷದ ಗೋಲ್ಡನ್ ವೀಸಾಕ್ಕೆ ಅರ್ಜಿ ಹಾಕಬಹುದು. ವೀಸಾ ಆಸೆಗೆ ಬೇಡದ ದೊಡ್ಡ ಫ್ಲ್ಯಾಟ್ ಕೊಳ್ಳುವುದು ನನಗೆ ಸರಿ ಕಾಣುವುದಿಲ್ಲ.

ಹೆಸರು ಮತ್ತು ಪವರ್ ಆಫ್ ಅಟಾರ್ನಿ

ನಮ್ಮ ಕಡೆಯವರಿಗೆ ಹೆಸರಿನದೇ ದೊಡ್ಡ ತೊಡಕು. ಪಹಣಿಯಲ್ಲಿ ಒಂದು ಥರ, ಆಧಾರಿನಲ್ಲಿ ಇನಿಶಿಯಲ್, ಪಾನ್‌ನಲ್ಲಿ ಅದನ್ನು ಬಿಡಿಸಿ ಬರೆದದ್ದು, ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಇನಿಶಿಯಲ್ ಊರಿನದೋ ತಂದೆಯದೋ ಯಾರಿಗೂ ನೆನಪಿಲ್ಲ. ದುಬೈ ಡೀಡಿನಲ್ಲಿ ಹೆಸರು ಪಾಸ್‌ಪೋರ್ಟಿನ ಪ್ರಕಾರ ಇಂಗ್ಲಿಷ್ ಮತ್ತು ಅರಬ್ಬಿ ಎರಡರಲ್ಲೂ ಬರುತ್ತದೆ. ದುಡ್ಡು ಕಳಿಸುವ ಖಾತೆ, ಪಾನ್, ಪಾಸ್‌ಪೋರ್ಟ್ ಮೂರೂ ಒಂದೇ ಥರ ಇರುವ ಹಾಗೆ ಮೊದಲೇ ತಿದ್ದಿಸಿ. ನಮ್ಮ ಮನೆಯವರ ಪಾನ್ ತಿದ್ದಿಸಲು ಒಂದು ತಿಂಗಳು ಹೋಯಿತು.

ನೋಂದಣಿಗೆ ನೀವೇ ಹೋಗುವುದು ಒಳ್ಳೆಯದು. ಪಾಸ್‌ಪೋರ್ಟ್ ಇದ್ದರೆ ಸಾಕು, ಅಲ್ಲಿನ ನಿವಾಸಿ ಆಗಿರಬೇಕಿಲ್ಲ. ಹೋಗಲು ಆಗದಿದ್ದರೆ ಅಲ್ಲಿರುವ ಮಗನಿಗೋ ಮಗಳಿಗೋ ಪವರ್ ಆಫ್ ಅಟಾರ್ನಿ ಕೊಡಬೇಕು. ಇಲ್ಲಿ ನೋಟರಿ ಮಾಡಿಸಿದ್ದು ಮಾತ್ರ ಅಲ್ಲಿ ನಡೆಯುವುದಿಲ್ಲ. ನೋಟರಿ ಆದಮೇಲೆ ರಾಜ್ಯದ ಗೃಹ ಇಲಾಖೆ, ಕೇಂದ್ರದ ವಿದೇಶಾಂಗ ಸಚಿವಾಲಯ, ಯುಎಇ ರಾಯಭಾರ ಕಚೇರಿ, ಕೊನೆಗೆ ಅಲ್ಲಿನ ವಿದೇಶಾಂಗ ಸಚಿವಾಲಯ, ಹೀಗೆ ಒಂದೊಂದು ಮುದ್ರೆ ಬೀಳಬೇಕು. ಪರವಾನಗಿ ಇರುವ ಅನುವಾದಕರಿಂದ ಅರಬ್ಬಿಗೆ ತರ್ಜುಮೆ ಆಗಬೇಕು. ಒಂದೂವರೆ ತಿಂಗಳು ಕೈಯಲ್ಲಿಟ್ಟುಕೊಳ್ಳಿ. ಪತ್ರದಲ್ಲಿ "ಎಲ್ಲ ಅಧಿಕಾರ" ಅಂತ ಬರೆಯಬೇಡಿ. ಫ್ಲ್ಯಾಟ್ ನಂಬರ್, ಗರಿಷ್ಠ ಬೆಲೆ, ಕೊಳ್ಳುವ ಅಧಿಕಾರ ಮಾತ್ರ ಬರೆಯಿರಿ. ಮಾರುವ ಅಧಿಕಾರ ಬೇಕಿಲ್ಲ. ಬ್ರೋಕರ್ ಹೆಸರಿಗಂತೂ ಯಾವತ್ತೂ ಕೊಡಬೇಡಿ.

ಫ್ಲ್ಯಾಟ್ ಕೈಗೆ ಬಂದ ಮೇಲೆ

ಆದಾಯ ತೆರಿಗೆ ರಿಟರ್ನ್‌ನಲ್ಲಿ ತೋರಿಸುವುದು ಕಡ್ಡಾಯ. ಭಾರತದಲ್ಲಿ ವಾಸ ಇರುವವರು ಹೊರದೇಶದ ಆಸ್ತಿಯನ್ನು ಶೆಡ್ಯೂಲ್ ಎಫ್‌ಎ ಅನ್ನುವ ಭಾಗದಲ್ಲಿ ಬರೆಯಬೇಕು. ಐಟಿಆರ್-1 ಅನ್ನುವ ಸರಳ ರಿಟರ್ನ್ ಫಾರಂ ಹಾಕುವಂತಿಲ್ಲ. ಈ ಭಾಗಕ್ಕೆ ಲೆಕ್ಕ ಜನವರಿಯಿಂದ ಡಿಸೆಂಬರ್‌ವರೆಗೆ, ಏಪ್ರಿಲ್‌ನಿಂದ ಮಾರ್ಚ್ ಅಲ್ಲ. ತೋರಿಸದಿದ್ದರೆ 2015ರ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಸಣ್ಣ ಮೊತ್ತದ ಬ್ಯಾಂಕ್ ಖಾತೆ, ಷೇರಿಗೆ ಕೊಟ್ಟಿರುವ ವಿನಾಯಿತಿ ಸ್ಥಿರಾಸ್ತಿಗೆ ಇಲ್ಲ. ಬಾಡಿಗೆ ಬಂದರೆ ಅದನ್ನೂ ಇಲ್ಲಿ ಆದಾಯವಾಗಿ ತೋರಿಸಬೇಕು.

ಉಯಿಲು ಬರೆಯಿಸಿ. ಮುಸ್ಲಿಮೇತರರಿಗಾಗಿ 2023ರ ಫೆಬ್ರವರಿಯಿಂದ ಅಲ್ಲಿ ಬೇರೆ ಕಾನೂನು ಇದೆ. ಅದರಲ್ಲಿ ಉಯಿಲು ಇಲ್ಲದಿದ್ದರೆ ಅರ್ಧ ಪಾಲು ಗಂಡ ಅಥವಾ ಹೆಂಡತಿಗೆ, ಉಳಿದ ಅರ್ಧ ಮಕ್ಕಳಿಗೆ ಸಮನಾಗಿ. ನಿಮ್ಮ ಮನಸ್ಸಿನಲ್ಲಿ ಬೇರೆ ಹಂಚಿಕೆ ಇದ್ದರೆ 2015ರಿಂದ ಇರುವ, ದುಬೈ ಅಂತರರಾಷ್ಟ್ರೀಯ ಹಣಕಾಸು ಕೇಂದ್ರದ (ಡಿಐಎಫ್‌ಸಿ) ಉಯಿಲು ಕೇಂದ್ರದಲ್ಲಿ ನೋಂದಾಯಿಸಬಹುದು. ಊರಿನ ಜಮೀನಿಗೆ ಮಾಡಿದ ಉಯಿಲಿನಲ್ಲಿ ಒಂದು ಸಾಲು ಸೇರಿಸಿ ಬಿಡುವುದಕ್ಕಿಂತ ಇದು ಗಟ್ಟಿ. ನಾವು ನಾಲ್ವರೂ ಒಡೆಯರಾದ್ದರಿಂದ ಯಾರ ಪಾಲು ಯಾರಿಗೆ ಅಂತ ಬೇರೆ ಬೇರೆಯಾಗಿ ಬರೆಸಿದೆವು. ಅದರ ಒಂದು ಪ್ರತಿ ಮಗಳ ಬಳಿ ಇದೆ. ಇನ್ನೊಂದು ಪ್ರತಿ ಎ2 ಫಾರಂ, ದುಡ್ಡು ಹೋದದ್ದಕ್ಕೆ ಬ್ಯಾಂಕ್ ಕೊಟ್ಟ ಸ್ವಿಫ್ಟ್ ರಸೀದಿ, ಟೈಟಲ್ ಡೀಡ್ ಜೊತೆ ನಮ್ಮ ಮನೆಯ ಬೀರುವಿನಲ್ಲಿದೆ. ಬೀಗದ ಕೈ ಎಲ್ಲಿದೆ ಅಂತ ನಮ್ಮ ಮನೆಯವರಿಗೂ ಗೊತ್ತು, ಕಿರಿಮಗನಿಗೂ ಗೊತ್ತು.